ತಂದೆತಾಯಿಯನ್ನು ಮೀರಿದ ಗೊದಮೊಟ್ಟೆ

ದಕ್ಷಿಣ ಅಮೆರಿಕದ ಈಶಾನ್ಯ ತೀರದಲ್ಲಿರುವ ಸುರಿನಾಮ್, ಗಯಾನ ಮೊದಲಾದ ನಾಡುಗಳ ತಗ್ಗುಭೂಮಿಗಳಲ್ಲಿ ಮಳೆಯ ನೀರು ತುಂಬಿ ನಿಂತು, ಅದರ ಮೇಲೆ ಅಂತರಗಂಗೆಯೂ ಜೊಂಡೂ ದಟ್ಟವಾಗಿ ಹಬ್ಬಿಕೊಂಡಿರುವ ಕೊಳಗಳಲ್ಲಿ ಬಲೆಯಿಳಿಸಿದವನಿಗೆ, ಒಂದೇ ಸೆಳೆತಕ್ಕೆ ಎರಡು ವಿಧದ ಜೀವಿಗಳು ಸಿಕ್ಕುವುದುಂಟು. ಒಂದು, ಮೂತಿಯ ತುದಿಯಿಂದ ಬೆನ್ನಿನ ಕೊನೆಯವರೆಗೆ ಅಳೆದರೆ 7 ಸೆಂಟಿಮೀಟರನ್ನು ಹೆಚ್ಚು ಮೀರದ, ಹಸುರು ಕಂದು ಬಣ್ಣಗಳು ಬೆರೆತ ನುಣುಪು ಮೈಯ ಕಪ್ಪೆ. ನೆತ್ತಿಯ ಮೇಲೆ ಉಬ್ಬಿ ನಿಂತ ಕಣ್ಣುಗಳು, ತೊಡೆಯ ಹಿಂಬದಿಯಲ್ಲಿ ಪಟ್ಟೆಗಳು, ಬೆರಳುಗಳ ತುದಿಯವರೆಗೂ ತೊಗಲು ಬೆಸೆದ ಬಲಿಷ್ಠವಾದ ಹಿಂಗಾಲುಗಳು. ಇನ್ನೊಂದು, 20 ಸೆಂಟಿಮೀಟರನ್ನು ದಾಟಿ ಕೆಲವೊಮ್ಮೆ 25ರ ಹತ್ತಿರಕ್ಕೂ ಬೆಳೆದ, ದಪ್ಪ ತಲೆಯ, ಅಗಲವಾದ ಬಾಲದ, ನೋಡಿದವರು ಮೀನೆಂದೇ ಭ್ರಮಿಸುವಂಥ ಜೀವಿ. ಈ ಎರಡಕ್ಕೂ ಸಂಬಂಧವಿದೆಯೆಂದು ಒಬ್ಬನು ಹೇಳಿದರೆ, ಕೇಳಿದವನು ಸಹಜವಾಗಿಯೇ ದೊಡ್ಡದನ್ನು ತಾಯಿಯೆಂದೂ ಚಿಕ್ಕದನ್ನು ಮರಿಯೆಂದೂ ಎಣಿಸುವನು. ಸತ್ಯವು ಅದಕ್ಕೆ ತೀರ ವಿರುದ್ಧವಾಗಿದೆ: ದೊಡ್ಡದು ಗೊದಮೊಟ್ಟೆ, ಚಿಕ್ಕದು ಅದು ಬೆಳೆದು ಪಡೆಯುವ ಕೊನೆಯ ರೂಪ.

ಸ್ಯೂಡಿಸ್ ಪ್ಯಾರಡಾಕ್ಸ ಎಂಬ ಶಾಸ್ತ್ರೀಯ ನಾಮಧೇಯವುಳ್ಳ ಈ ಕಪ್ಪೆಯನ್ನು ಕುರಿತು ಮೂರು ಶತಮಾನಗಳಿಂದ ಪಂಡಿತರು ಬರೆಯುತ್ತ ಬಂದಿದ್ದಾರೆ. ಆದರೆ ಆ ಬರವಣಿಗೆಯ ಬಹುಭಾಗವು ಗಾತ್ರದ ಅಚ್ಚರಿಯಲ್ಲಿಯೇ ಸವೆದುಹೋಗಿ, ಈ ಪ್ರಾಣಿ ಯಾವ ವಂಶಕ್ಕೆ ಸೇರಿದ್ದು, ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ ಎಂಬ ಪ್ರಶ್ನೆಗಳು ಬಹುಕಾಲ ಹಿಂದೆ ಬಿದ್ದವು. ವರ್ಗೀಕರಣವೆಂದರೆ ಹೆಸರುಗಳ ಒಣ ಪಟ್ಟಿಯೆಂದು ಸಾಮಾನ್ಯರು ತಿಳಿಯುವುದುಂಟು. ಹೆಸರು ಬದಲಾದಾಗ ಭೂಪಟವೂ ಬದಲಾಗುತ್ತದೆಂಬುದನ್ನು, ಆ ಭೂಪಟದ ಮೇಲೆಯೇ ಒಂದು ಜೀವಿಯ ಕ್ಷೇಮದ ಲೆಕ್ಕವೂ ನಿಂತಿದೆಯೆಂಬುದನ್ನು, ಈ ಪುಟ್ಟ ಕಪ್ಪೆಯ ಚರಿತ್ರೆಯಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳು ವಿರಳ.

ಆಮ್‌ಸ್ಟರ್‌ಡಾಮಿನ ಸೀಸೆಗಳು

ಹದಿನೇಳನೆಯ ಶತಮಾನದ ಕೊನೆಯಲ್ಲಿ ಸುರಿನಾಮ್ ಡಚ್ಚರ ವಸಾಹತುವಾಗಿದ್ದಿತು. 1699ರಲ್ಲಿ ಮರಿಯ ಸಿಬಿಲ್ಲ ಮೇರಿಯನ್ ಎಂಬ ಚಿತ್ರಗಾರ್ತಿ ತನ್ನ ಕಿರಿಯ ಮಗಳೊಡನೆ ಆ ನಾಡಿಗೆ ಹಡಗೇರಿ ಹೋಗಿ, ಕಂಬಳಿಹುಳುಗಳೂ ಚಿಟ್ಟೆಗಳೂ ತಮ್ಮ ತಮ್ಮ ಸಸ್ಯಗಳ ಮೇಲೆ ಬಾಳುವ ರೀತಿಯನ್ನು ಕಣ್ಣಾರೆ ಕಂಡು ಚಿತ್ರಿಸಿ, ಅನಾರೋಗ್ಯದ ಕಾರಣ 1701ರಲ್ಲಿ ಹಿಂದಿರುಗಿದಳು. ಸುರಿನಾಮಿನ ಕೀಟಗಳ ರೂಪಾಂತರವನ್ನು ಕುರಿತ ಆಕೆಯ ಮಹಾಗ್ರಂಥವು 60 ಚಿತ್ರಫಲಕಗಳೊಡನೆ 1705ರಲ್ಲಿ ಪ್ರಕಟವಾಯಿತು. 1717ರಲ್ಲಿ ಆಕೆ ತೀರಿಕೊಂಡ ತರುವಾಯ, 1719ರಲ್ಲಿ ಹೊರಬಂದ ಆವೃತ್ತಿಗೆ ಇನ್ನೂ 12 ಫಲಕಗಳು ಸೇರಿದವು. ನಮ್ಮ ಕಪ್ಪೆ ಯುರೋಪಿನ ಓದುಗರ ಕಣ್ಣಿಗೆ ಬಿದ್ದದ್ದು ಆ ಸೇರ್ಪಡೆಯ ಫಲಕಗಳಲ್ಲಿ. ಆದರೆ ಅಲ್ಲಿ ಗೊದಮೊಟ್ಟೆಯು ಕಪ್ಪೆಯಾಗುವುದರ ಬದಲು ಕಪ್ಪೆಯೇ ಕ್ರಮಕ್ರಮವಾಗಿ ಮೀನಾಗುತ್ತಿತ್ತು.

ಆಮ್‌ಸ್ಟರ್‌ಡಾಮಿನಲ್ಲಿ ಔಷಧಿ ವ್ಯಾಪಾರಿಯಾಗಿದ್ದ ಆಲ್ಬರ್ಟಸ್ ಸೇಬಾ, ಬಂದರಿಗೆ ಬರುವ ನಾವಿಕರಿಂದ ದೇಶದೇಶಗಳ ಪ್ರಾಣಿಗಳನ್ನು ಕೊಂಡು ಮದ್ಯಸಾರದಲ್ಲಿ ಅದ್ದಿಟ್ಟು, ಕಾಲಕ್ರಮದಲ್ಲಿ ಯುರೋಪಿನಲ್ಲೇ ಪ್ರಖ್ಯಾತವಾದ ಒಂದು ಸಂಗ್ರಹವನ್ನು ಕಟ್ಟಿದ್ದನು. ರಷ್ಯದ ಪೀಟರ್ ಚಕ್ರವರ್ತಿ ಅವನ ಮೊದಲ ಸಂಗ್ರಹವನ್ನು ಇಡಿಯಾಗಿ ಕೊಂಡುಕೊಂಡ ಮೇಲೂ, ಎರಡನೆಯದನ್ನು ಅದಕ್ಕಿಂತ ದೊಡ್ಡದಾಗಿ ಕೂಡಿಸಿದನು. ಆ ಎರಡನೆಯ ಸಂಗ್ರಹದ ಸಚಿತ್ರ ವರ್ಣನೆಯ ಮೊದಲ ಸಂಪುಟ 1734ರಲ್ಲಿ ಹೊರಬಿದ್ದಾಗ, ಅದರ 78ನೆಯ ಫಲಕದಲ್ಲಿಯೂ ಇದೇ ಕಥೆ ಪುನರಾವೃತ್ತವಾಯಿತು: ಕಪ್ಪೆಗೆ ಬಾಲ ಮೂಡುತ್ತದೆ, ಕಾಲುಗಳು ಕುಗ್ಗುತ್ತವೆ, ಕಡೆಗೆ ಕಾಲಿಲ್ಲದ ಮಹಾಮತ್ಸ್ಯವೊಂದು ಉಳಿಯುತ್ತದೆ.

ಇದನ್ನು ಮೌಢ್ಯವೆಂದು ನಗುವುದು ಸುಲಭ, ಆದರೆ ನ್ಯಾಯವಲ್ಲ. ಸೀಸೆಗಳಲ್ಲಿ ಸಾಲಾಗಿಟ್ಟ ನಿರ್ಜೀವ ಮಾದರಿಗಳು ಹಂತಗಳನ್ನು ತೋರಿಸುತ್ತವೆಯೇ ಹೊರತು, ಯಾವ ಹಂತ ಮೊದಲು, ಯಾವುದು ಅನಂತರ ಎಂಬುದನ್ನು ತೋರಿಸುವುದಿಲ್ಲ. ಕಾಲು ಮೂಡಿ ಬಾಲವೂ ಉಳಿದಿರುವ ನಡುವಣ ಮಾದರಿಯು ಎರಡೂ ದಿಕ್ಕಿನ ಓದಿಗೆ ಸಮನಾಗಿ ಒಗ್ಗುತ್ತದೆ. ಆ ಕಾಲದ ಪಂಡಿತನಿಗೆ ದಿಕ್ಕನ್ನು ನಿರ್ಣಯಿಸಲು ಇದ್ದ ಏಕಮಾತ್ರ ಸೂತ್ರವೆಂದರೆ, ಬೆಳೆಯುವ ಪ್ರಾಣಿ ಚಿಕ್ಕದರಿಂದ ದೊಡ್ಡದಾಗುತ್ತದೆ ಎಂಬುದು. ಆ ಸೂತ್ರವನ್ನು ನಿಷ್ಠೆಯಿಂದ ಅನ್ವಯಿಸಿದುದರಿಂದಲೇ ಅವನು ತಪ್ಪು ನಿರ್ಣಯಕ್ಕೆ ಬಂದನು. ಸುರಿನಾಮಿನ ಕೊಳದ ದಡದಲ್ಲಿ ಕೆಲವು ತಿಂಗಳು ಕುಳಿತು ನೋಡಿದ್ದರೆ ಬಗೆಹರಿಯುತ್ತಿದ್ದ ಸಂದೇಹವು, ಸಾಗರದಾಚೆಯ ಕಪಾಟಿನೆದುರು ದಶಕಗಟ್ಟಲೆ ಬಗೆಹರಿಯದೆ ಉಳಿಯಿತು.

ಸ್ವೀಡನ್ನಿನ ಲಿನೇಯಸ್ 1735ರಲ್ಲಿ ಸೇಬಾನ ಸಂಗ್ರಹವನ್ನು ಸ್ವತಃ ನೋಡಿದ್ದನು. ಪ್ರಾಣಿಗಳ ದ್ವಿನಾಮ ಪದ್ಧತಿಗೆ ಆಧಾರವಾದ ತನ್ನ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ, ಅಂದರೆ 1758ರಲ್ಲಿ, ಅವನು ಈ ಪ್ರಾಣಿಗೆ ರಾನಾ ಪ್ಯಾರಡಾಕ್ಸ ಎಂದು ಹೆಸರಿಟ್ಟು, ಕಪ್ಪೆಗಳ ನಡುವೆ ಕೂರಿಸಿದನು. ಹತ್ತು ವರ್ಷಗಳ ಮೇಲೆ, 1768ರಲ್ಲಿ, ವಿಯೆನ್ನದ ಲಾರೆಂಟಿ ಇದನ್ನು ಅಲ್ಲಿಂದೆಬ್ಬಿಸಿ ಪ್ರೋಟಿಯಸ್ ಎಂಬ ಕುಲಕ್ಕೆ ಸೇರಿಸಿದನು. ಇಂದು ಆ ಕುಲದಲ್ಲಿ ಉಳಿದಿರುವುದು ಯುರೋಪಿನ ಗುಹೆಗಳ ಕತ್ತಲಲ್ಲಿ ಆಜೀವನ ಕಿವಿರುಗಳನ್ನು ಉಳಿಸಿಕೊಂಡು ಬಾಳುವ ಕುರುಡು ಉಭಯಚರವೊಂದೇ. ಬಾಲವೂ ಕಿವಿರೂ ಉಳ್ಳ ಹಂತವೇ ಪ್ರಾಣಿಯ ಪೂರ್ಣರೂಪವಿರಬಹುದೆಂದು ನಂಬಿದವನಿಗೆ ಆ ನೆರೆಹೊರೆ ಸಹಜವಾಗಿಯೇ ತೋರಿರಬೇಕು. ಹಳೆಯ ಗ್ರಂಥಗಳಲ್ಲಿ ಜಾಕಿ ಎಂಬ ಹೆಸರಿನಿಂದಲೂ ಕಾಣಿಸಿಕೊಳ್ಳುವ ಈ ಜೀವಿ, ಹೀಗೆ ಕಪ್ಪೆಯೋ ಮೀನೋ ಮತ್ತೊಂದೋ ಎಂಬ ಸಂದಿಗ್ಧದಲ್ಲಿಯೇ ಹದಿನೆಂಟನೆಯ ಶತಮಾನವನ್ನು ಬಹುಮಟ್ಟಿಗೆ ಕಳೆಯಿತು.

ಗಾತ್ರದ ರಹಸ್ಯ

ಗೊದಮೊಟ್ಟೆಯು ಕಪ್ಪೆಯಾಗುವಾಗ ಕುಗ್ಗುತ್ತದೆಯೆಂಬುದು ನಿಜ. ಆದರೆ ಈ ಕುಗ್ಗುವಿಕೆಯ ಒಂದಂಶ ನಮ್ಮ ಅಳತೆಗೋಲಿನಿಂದಲೇ ಹುಟ್ಟಿದುದು. ಗೊದಮೊಟ್ಟೆಯನ್ನು ಅಳೆಯುವಾಗ ಬಾಲದ ತುದಿಯವರೆಗೆ ಅಳೆಯುತ್ತಾರೆ, ಕಪ್ಪೆಯನ್ನು ಅಳೆಯುವಾಗ ಉದ್ದನೆಯ ಹಿಂಗಾಲುಗಳನ್ನು ಲೆಕ್ಕದಿಂದ ಬಿಟ್ಟು ಮುಂಡವನ್ನು ಮಾತ್ರ ಅಳೆಯುತ್ತಾರೆ. ಕಟ್ಟುತ್ತಿರುವ ಮನೆಯನ್ನು ಸಾರವೆಯ ಸಮೇತ ಅಳೆದು, ಕಟ್ಟಿ ಮುಗಿದ ಮೇಲೆ ಅದು ಕಿರಿದಾಯಿತೆಂದು ಬೆರಗಾದಂತೆಯೇ ಇದೂ ಸರಿ. ಈ ಗೊದಮೊಟ್ಟೆಯ ಉದ್ದದಲ್ಲಿ ಬಾಲದ್ದೇ ಸಿಂಹಪಾಲು. ರೂಪಾಂತರದ ಕಾಲದಲ್ಲಿ ಆ ಬಾಲದ ಮಾಂಸವು ಕರಗಿ ದೇಹದೊಳಗೆ ಸೇರಿಹೋಗುತ್ತದೆ.

ಹಾಗಾದರೂ ಅಚ್ಚರಿ ಪೂರ್ತಿಯಾಗಿ ಕರಗುವುದಿಲ್ಲ. ಸಾಧಾರಣವಾದ ಕಪ್ಪೆಗಳಲ್ಲಿ ಗೊದಮೊಟ್ಟೆಯು ಬಾಲವನ್ನು ಕಳೆದುಕೊಂಡು ದಡಕ್ಕೆ ಬಂದಾಗ ಬೆರಳುಗುರಿನಷ್ಟು ಪುಟ್ಟ ಕಪ್ಪೆಯಾಗಿರುತ್ತದೆ. ಅದರ ಬೆಳವಣಿಗೆಯ ಬಹುಭಾಗ ನಡೆಯುವುದು ಅಲ್ಲಿಂದ ಮುಂದೆ. ಸ್ಯೂಡಿಸ್‌ನಲ್ಲಿ ಈ ಕ್ರಮವೇ ತಿರುಗುಮುರುಗಾಗಿದೆ. ಶರನ್ ಎಮರ್ಸನ್ 1988ರಲ್ಲಿ ಈ ದೈತ್ಯ ಗೊದಮೊಟ್ಟೆಯನ್ನು ಕುರಿತು ವಿಶೇಷವಾದ ಅಧ್ಯಯನವನ್ನು ಪ್ರಕಟಿಸಿದರು. 2009ರಲ್ಲಿ ಅರ್ಜೆಂಟೀನದ ಮರಿಸ್ಸ ಫಾಬ್ರೆಸಿ ಮತ್ತು ಸಂಗಡಿಗರು ದಕ್ಷಿಣದ ಸೋದರ ರೂಪವಾದ ಪ್ಲಾಟೆನ್ಸಿಸ್‌ನ ಗೊದಮೊಟ್ಟೆಗಳನ್ನು ಹಂತಹಂತವಾಗಿ ಪರಿಶೀಲಿಸಿದರು. ಇವುಗಳಿಂದ ಮನಗಾಣಬಹುದಾದ ಸಂಗತಿಯೆಂದರೆ, ಈ ಜೀವಿಯಲ್ಲಿ ರೂಪಾಂತರವು ತಡವಾಗುತ್ತದೆ, ಬೆಳವಣಿಗೆ ಮಾತ್ರ ನಿಲ್ಲದೆ ಸಾಗುತ್ತದೆ. ಆದುದರಿಂದ ಬಾಲ ಕಳಚಿಕೊಂಡ ಕಪ್ಪೆಯು ಹೆಚ್ಚು ಕಡಮೆ ಪ್ರೌಢಗಾತ್ರದಲ್ಲಿಯೇ ಹೊರಬರುತ್ತದೆ, ಅದರ ಪ್ರಜನನಾಂಗಗಳೂ ಆ ವೇಳೆಗೆ ಬಹಳ ಮಟ್ಟಿಗೆ ಮುಂದುವರಿದಿರುತ್ತವೆ. ಅಂದರೆ ಈ ಕಪ್ಪೆಗೆ ಬಾಲ್ಯವಿದೆ, ಆದರೆ ಕಪ್ಪೆಯ ರೂಪದಲ್ಲಿ ಕಳೆಯುವ ಬಾಲ್ಯವು ಇಲ್ಲವೆನ್ನುವಷ್ಟು ಅಲ್ಪ. ತಂದೆತಾಯಿಗಳು ಕಿರಿದಾದುವೆನ್ನುವುದಕ್ಕಿಂತ, ಇತರ ಕಪ್ಪೆಗಳು ನೆಲದ ಮೇಲೆ ಮುಗಿಸುವ ಬೆಳವಣಿಗೆಯನ್ನು ಈ ಕಪ್ಪೆ ನೀರಿನಲ್ಲಿಯೇ ಮುಗಿಸಿಕೊಳ್ಳುತ್ತದೆನ್ನುವುದು ಹೆಚ್ಚು ಸಮಂಜಸ.

ಕುಟುಂಬದ ಅನ್ವೇಷಣೆ

ಗಾತ್ರದ ಬೆರಗು ಇಳಿದ ಮೇಲೆ, ಇದು ಯಾರ ನಂಟನೆಂಬ ಪ್ರಶ್ನೆ ಎದುರಾಯಿತು. ಜರ್ಮನಿಯ ವಾಗ್ಲರ್ 1830ರಲ್ಲಿ ಇದನ್ನು ರಾನಾ ಕುಲದಿಂದ ಬಿಡಿಸಿ ಸ್ಯೂಡಿಸ್ ಎಂಬ ಹೊಸ ಕುಲವನ್ನು ಕಲ್ಪಿಸಿದನು. ನಾಮಕರಣದ ಆದ್ಯತಾ ನಿಯಮದಂತೆ ಲಿನೇಯಸನು ಕೊಟ್ಟ ಎರಡನೆಯ ಪದ ಮಾತ್ರ ಹಾಗೆಯೇ ಉಳಿಯಿತು. ಅಮೆರಿಕದ ಕೋಪ್ 1862ರಲ್ಲಿ ಇದಕ್ಕೆ ಸಮೀಪದ ಇನ್ನೂ ಚಿಕ್ಕ ಕಪ್ಪೆಗಳಿಗೆ ಲಿಸಾಪ್ಸಸ್ ಎಂಬ ಕುಲವನ್ನು ಸ್ಥಾಪಿಸಿದನು. ಆದರೆ ಈ ಎರಡು ಕುಲಗಳೂ ಸೇರಿ ಯಾವ ಕುಟುಂಬಕ್ಕೆ ಸಲ್ಲತಕ್ಕವೆಂಬ ವಿಷಯದಲ್ಲಿ ಒಮ್ಮತ ಬೇಗನೆ ಬರಲಿಲ್ಲ.

ವಿವಾದದ ಕೇಂದ್ರದಲ್ಲಿದ್ದುದು ಬೆರಳಿನ ಒಂದು ಸಣ್ಣ ಎಲುಬು. ಮರಗಪ್ಪೆಗಳ ಬೆರಳಿನ ಕೊನೆಯ ಎರಡು ಗೆಣ್ಣೆಲುಬುಗಳ ನಡುವೆ ಮೃದುವಾದ ಪುಟ್ಟದೊಂದು ಮಧ್ಯಸ್ಥ ತುಣುಕು ಇರುತ್ತದೆ. ಎಲೆಯ ಮೇಲೆ ಕೊಂಬೆಯ ಮೇಲೆ ಬೆರಳ ತುದಿಯನ್ನು ಬಾಗಿಸಿ ಅಂಟಿಸಿಕೊಳ್ಳಲು ಅದು ನೆರವಾಗುತ್ತದೆ. ಸ್ಯೂಡಿಸ್‌ನಲ್ಲಿ ಆ ತುಣುಕು ಗಟ್ಟಿಯಾದ ಎಲುಬಾಗಿ, ನೀಳವಾಗಿ ಬೆಳೆದು, ಬೆರಳಿಗೆ ಒಂದು ಹೆಚ್ಚಿನ ಗೆಣ್ಣು ಬಂದಂತೆ ತೋರುತ್ತದೆ. ಇಂಥ ವಿಲಕ್ಷಣ ಲಕ್ಷಣವುಳ್ಳ ಪ್ರಾಣಿಯನ್ನು ಇತರರ ಜೊತೆಗೆ ಕೂಡಿಸುವುದು ಸಲ್ಲದೆಂದು ವಾದಿಸಿ, ಜೇ ಸ್ಯಾವೇಜ್ ಮತ್ತು ಕಾರ್ವಾಲ್ಯೊ ಎಂಬ ಇಬ್ಬರು ವಿದ್ವಾಂಸರು 1953ರಲ್ಲಿ ಸ್ಯೂಡಿಡೆ ಎಂಬ ಪ್ರತ್ಯೇಕ ಕುಟುಂಬವನ್ನು ಎತ್ತಿಹಿಡಿದರು. ಸುಮಾರು ಅರ್ಧ ಶತಮಾನದವರೆಗೆ ಪಠ್ಯಗ್ರಂಥಗಳು ಅದನ್ನೇ ಅನುಸರಿಸಿದವು.

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಡಿಎನ್‌ಎ ಪರೀಕ್ಷೆಯು ಸಾಕ್ಷಿಕಟ್ಟೆಯನ್ನೇರಿದಾಗ ತೀರ್ಪು ತಿರುಗಿತು. 2005ರಲ್ಲಿ ಫೈವೊವಿಚ್ ಮತ್ತು ಅವರ ಸಹೋದ್ಯೋಗಿಗಳು ಮರಗಪ್ಪೆಗಳ ಹೈಲಿಡೆ ಕುಟುಂಬವನ್ನು ಸಮಗ್ರವಾಗಿ ಪರಿಶೀಲಿಸಿ ಪ್ರಕಟಿಸಿದ ಬೃಹತ್ ಪ್ರಬಂಧದಲ್ಲಿ, ಸ್ಯೂಡಿಸ್ ಮತ್ತು ಲಿಸಾಪ್ಸಸ್ ಕುಲಗಳು ಆ ಕುಟುಂಬದ ಒಳಗೇ ನೆಲೆಗೊಂಡವು. ಜೌಗಿನ ಹುಲ್ಲುಗಳ ನಡುವೆ ಬಾಳುವ ಸ್ಕಾರ್ತಿಲ ಎಂಬ ಪುಟ್ಟ ಕಪ್ಪೆಗಳು ಇವುಗಳ ಸಮೀಪದ ಬಂಧುಗಳೆಂದು ಕಂಡುಬಂದಿತು. ಹೀಗಾಗಿ ಯಾವ ಎಲುಬನ್ನು ಬೇರೆ ಕುಟುಂಬದ ಗುರುತೆಂದು ಭಾವಿಸಲಾಗಿತ್ತೋ, ಅದೇ ಎಲುಬು ಮರಗಪ್ಪೆಯ ವಂಶದ ಮುದ್ರೆಯೆಂದು ಸ್ಥಾಪಿತವಾಯಿತು. ಮರಗಪ್ಪೆಗಳ ವಂಶವೃಕ್ಷದ ಈ ಕೊಂಬೆಯು ಎಲೆಕೊಂಬೆಗಳ ಬಾಳನ್ನು ತೊರೆದು ನೀರಿಗೆ ತಿರುಗಿ, ಹತ್ತಲೆಂದು ಇದ್ದ ಸಾಧನವನ್ನು ಈಜಿಗೆ ಒದಗಿಸಿಕೊಂಡಿತೆಂದು ಊಹಿಸುವುದು ಅಸಂಗತವಲ್ಲ. ಬೆರಳು ನೀಳವಾದಷ್ಟೂ ಅದರ ನಡುವಣ ತೊಗಲು ಅಗಲವಾಗಿ, ನೀರನ್ನು ತಳ್ಳುವ ಶಕ್ತಿ ಹೆಚ್ಚುತ್ತದೆ.

ಒಂದು ಹೆಸರು, ಹಲವು ನದಿಗಳು

ಇನ್ನು ವ್ಯಾಪ್ತಿಯ ಮಾತು. ಈ ಕಪ್ಪೆಯ ನೆಲೆಗಳನ್ನು ಭೂಪಟದ ಮೇಲೆ ಗುರುತಿಸುತ್ತ ಹೋದರೆ, ಖಂಡದ ಬಹುಭಾಗವನ್ನು ಅದು ಆಕ್ರಮಿಸಿಕೊಂಡಿದೆಯೆಂಬ ಭಾವನೆ ಮೊದಲು ಬರುತ್ತದೆ: ಕೊಲಂಬಿಯದ ಮಗ್ದಲೇನ ನದಿಯ ಕಣಿವೆ, ವೆನೆಜುವೆಲ, ಟ್ರಿನಿಡಾಡ್ ದ್ವೀಪ, ಮೂರು ಗಯಾನಗಳು, ಅಮೆಜಾನ್ ನದಿಯ ಕೆಳದಂಡೆ, ಅಲ್ಲಿಂದ ಬಹುದೂರ ನೈರುತ್ಯಕ್ಕೆ ಪೆರುವಿನ ಆಗ್ನೇಯ ಮೂಲೆ, ಬೊಲಿವಿಯದ ಬಯಲು, ಬ್ರೆಜಿಲ್ ಮತ್ತು ಪರಾಗ್ವೆಗಳ ನಡುವಣ ಪಂಟನಾಲ್ ಎಂಬ ವಿಶಾಲವಾದ ಜೌಗುನಾಡು. ಆದರೆ ನಿದಾನಿಸಿ ನೋಡಿದರೆ ಈ ನೆಲೆಗಳು ಒಂದಕ್ಕೊಂದು ಹೊಂದಿಕೊಂಡಿಲ್ಲ. ಅಮೆಜಾನಿನ ಒಳನಾಡಿನ ದಟ್ಟಾರಣ್ಯವು ಈ ಕಪ್ಪೆಯ ಸ್ವಭಾವಕ್ಕೆ ಒಗ್ಗುವಂಥದಲ್ಲ. ಇದಕ್ಕೆ ಬೇಕಾದುದು ಬಿಸಿಲು ಬೀಳುವ ತೆರೆದ ನೀರು, ಆ ನೀರಿನ ಮೇಲೆ ತೇಲುವ ಹಸುರು. ಗಂಡು ಕಪ್ಪೆ ಆ ಹಸುರಿನ ನಡುವೆ ತೇಲುತ್ತಲೇ ಕೂಗುತ್ತದೆ. ಹೆಣ್ಣು ಅಲ್ಲಿಯೇ ಮೊಟ್ಟೆಯಿಡುತ್ತದೆ. ಗೊದಮೊಟ್ಟೆ ಅದರ ಕೆಳಗಿನ ನೀರಿನಲ್ಲಿ ಪಾಚಿಯನ್ನು ತಿಂದು ಬೆಳೆಯುತ್ತದೆ. ಆದುದರಿಂದ ಇದರ ರಾಜ್ಯವು ತೆರೆದ ಜೌಗುಗಳನ್ನು ಅನುಸರಿಸಿ ತುಂಡುತುಂಡಾಗಿ ಹರಡಿದೆ.

ಪ್ರತಿಯೊಂದು ತುಂಡಿಗೂ ಅದರದೇ ಚರಿತ್ರೆಯಿದೆ. ಟ್ರಿನಿಡಾಡ್ ಇಂದು ದ್ವೀಪವಾದರೂ, ಹಿಮಯುಗದಲ್ಲಿ ಸಮುದ್ರದ ಮಟ್ಟ ಇಳಿದಿದ್ದಾಗ ವೆನೆಜುವೆಲಕ್ಕೆ ಅಂಟಿಕೊಂಡಿದ್ದಿತು. ಅಲ್ಲದೆ ಒರಿನೊಕೊ ನದಿಯ ಮಹಾಪೂರವು ಕಿತ್ತುತರುವ ಜಲಸಸ್ಯಗಳ ತೆಪ್ಪಗಳು ಇಂದಿಗೂ ಅದರ ದಕ್ಷಿಣ ತೀರವನ್ನು ಮುಟ್ಟುವುದುಂಟು. ಉಪ್ಪುನೀರನ್ನು ದಾಟಲಾರದ ಕಪ್ಪೆ ಅಲ್ಲಿಗೆ ಹೇಗೆ ಸೇರಿತೆಂಬುದಕ್ಕೆ ಈ ಎರಡರಲ್ಲಿ ಯಾವುದಾದರೂ ಸಮಾಧಾನವಾಗಬಲ್ಲದು. ಮಗ್ದಲೇನ ಕಣಿವೆಯ ಸಂಗತಿ ಇದಕ್ಕಿಂತ ಗಹನವಾದುದು. ಉತ್ತರಾಭಿಮುಖವಾಗಿ ಕೆರೀಬಿಯನ್ ಸಮುದ್ರವನ್ನು ಸೇರುವ ಆ ನದಿಗೂ, ಪೂರ್ವದ ಒರಿನೊಕೊ ಬಯಲಿಗೂ ನಡುವೆ ಆಂಡೀಸ್ ಪರ್ವತದ ಪೂರ್ವಶ್ರೇಣಿ ಅಡ್ಡ ನಿಂತಿದೆ. ತಗ್ಗು ನೀರನ್ನು ಬಿಟ್ಟು ಬಾಳಲಾರದ ಪ್ರಾಣಿಯೊಂದು ಆ ಶ್ರೇಣಿಯ ಎರಡು ಪಕ್ಕಗಳಲ್ಲಿಯೂ ಇದೆಯೆಂದರೆ, ಬೆಟ್ಟಕ್ಕಿಂತ ಹಳೆಯದಾದ ಬಳಗವನ್ನೋ, ತೀರದ ತಗ್ಗನ್ನು ಬಳಸಿಬಂದ ಹಾದಿಯನ್ನೋ ನಾವು ಊಹಿಸಬೇಕಾಗುತ್ತದೆ.

1961ರಲ್ಲಿ ಅರ್ಜೆಂಟೀನದ ಗಲ್ಯಾರ್ಡೊ ಈ ಇಡೀ ಬಳಗವನ್ನು ಪರಿಷ್ಕರಿಸಿದಾಗ, ಇಂಥ ಹಲವು ತುಂಡುಗಳನ್ನು ಅವನು ಒಂದೇ ಪ್ರಭೇದದ ಉಪಪ್ರಭೇದಗಳೆಂದು ಎಣಿಸಿದನು. ಟ್ರಿನಿಡಾಡಿನದು ಕೆರಿಬೆನ್ಸಿಸ್, ಪರಾನ ಮತ್ತು ಪರಾಗ್ವೆ ನದಿಗಳ ಸೀಮೆಯದು ಪ್ಲಾಟೆನ್ಸಿಸ್ ಎಂದು ಹೆಸರು ಪಡೆದವು. ಆ ಲೆಕ್ಕದಲ್ಲಿ ಸ್ಯೂಡಿಸ್ ಪ್ಯಾರಡಾಕ್ಸವು ಕೆರೀಬಿಯನ್ ತೀರದಿಂದ ಅರ್ಜೆಂಟೀನದವರೆಗೆ ಚಾಚಿದ ಚಕ್ರಾಧಿಪತಿಯಾಗಿದ್ದಿತು. ಆ ಸಾಮ್ರಾಜ್ಯ ಒಡೆಯಲಾರಂಭಿಸಿದುದು 1998ರಲ್ಲಿ. ಬ್ರೆಜಿಲಿನ ಕರಾಮಸ್ಕಿ ಮತ್ತು ಕ್ರೂಸ್, ಮಧ್ಯ ಮತ್ತು ಪೂರ್ವ ಬ್ರೆಜಿಲಿನ ಕಪ್ಪೆಗಳನ್ನು ಹೋಲಿಸಿ ನೋಡಿ, ಬೋಲ್ಬೊಡ್ಯಾಕ್ಟಿಲ ಮತ್ತು ಫಸ್ಕ ಎಂಬ ಹಳೆಯ ಹೆಸರುಗಳಿಗೆ ಸ್ವತಂತ್ರ ಪ್ರಭೇದದ ಪದವಿಯನ್ನು ಕೊಟ್ಟು, ಟೊಕಾಂಟಿನ್ಸ್ ನದಿಯ ಸೀಮೆಯದನ್ನು ಹೊಸ ಪ್ರಭೇದವೆಂದು ವರ್ಣಿಸಿದರು. ಫಸ್ಕದ ನೆಲೆಯಾದರೋ ಪೂರ್ವ ಬ್ರೆಜಿಲಿನ ಜೆಕಿಟಿನೋನ್ಯ ನದಿಯ ಆಸುಪಾಸು. 2000ದಲ್ಲಿ ಆಕ್ಸೆಲ್ ಕ್ವೆಟ್ ದಕ್ಷಿಣ ಬ್ರೆಜಿಲಿನ ಎತ್ತರದ ಪ್ರಸ್ಥಭೂಮಿಯ ಕಪ್ಪೆಯನ್ನು ಕಾರ್ಡೊಸೊಯಿ ಎಂದು ಹೆಸರಿಸಿ, ತಗ್ಗುಸೀಮೆಯ ಮಿನುಟ ಎಂಬ ಪ್ರಭೇದದಿಂದ ಬೇರ್ಪಡಿಸಿದನು.

ಈ ವಿಭಜನೆಗಳು ಕೇವಲ ಬಣ್ಣ ಆಕಾರಗಳನ್ನು ನಂಬಿ ನಿಂತಿಲ್ಲ. ಈ ಕುಲದಲ್ಲಿ ಜೀವಕೋಶದ ವರ್ಣತಂತುಗಳ ಸಂಖ್ಯೆ ಸಾಮಾನ್ಯವಾಗಿ 24. ಕಾರ್ಡೊಸೊಯಿಯಲ್ಲಿ ಮಾತ್ರ 28. ಟೊಕಾಂಟಿನ್ಸ್ ಪ್ರಭೇದದಲ್ಲಿ ಹೆಣ್ಣಿನ ಲಿಂಗನಿರ್ಣಾಯಕ ವರ್ಣತಂತುಗಳ ಜೋಡಿಯು ಒಂದಕ್ಕೊಂದು ಸರಿಸಮನಾಗಿರದೆ, ಸೂಕ್ಷ್ಮದರ್ಶಕದಲ್ಲಿಯೇ ಭೇದ ಗೊತ್ತಾಗುವಂತಿದೆ. ಕಪ್ಪೆಗಳಲ್ಲಿ ಇದು ಅಪರೂಪ. ಪ್ಲಾಟೆನ್ಸಿಸ್ ಇತ್ತೀಚಿನ ಪಟ್ಟಿಗಳಲ್ಲಿ ಸ್ವತಂತ್ರ ಪ್ರಭೇದವೆಂದು ಎಣಿಸಲ್ಪಡುತ್ತಿದೆಯಾದರೂ, ಪ್ಯಾರಡಾಕ್ಸಕ್ಕೂ ಅದಕ್ಕೂ ನಡುವಣ ಗಡಿ ಎಲ್ಲರಿಗೂ ಸಮ್ಮತವಾಗಿ ನಿಂತಿದೆಯೆನ್ನುವಂತಿಲ್ಲ. ಇಂದಿನ ಗಣನೆಯಲ್ಲಿ ಸ್ಯೂಡಿಸ್ ಕುಲದಲ್ಲಿ 7 ಪ್ರಭೇದಗಳು, ಲಿಸಾಪ್ಸಸ್‌ನಲ್ಲಿ 4. ಇವುಗಳ ಗಡಿಗಳನ್ನು ಭೂಪಟದ ಮೇಲೆ ಗೆರೆಯೆಳೆದರೆ, ಅವು ಬಹುಮಟ್ಟಿಗೆ ನದಿಗಳ ಜಲಾನಯನ ಸೀಮೆಗಳನ್ನೇ ಅನುಸರಿಸುವುದು ಕಾಣುತ್ತದೆ. ನೀರನ್ನು ಬಿಟ್ಟಿರಲಾರದ ಪ್ರಾಣಿಗೆ ಎರಡು ನದಿಗಳ ನಡುವಣ ಒಣ ದಿಣ್ಣೆಯೇ ದೇಶದ ಎಲ್ಲೆ.

ಹೆಸರಿನ ಹೊಣೆ

ಹೀಗೆ ಒಂದನ್ನು ಹಲವಾಗಿ ಒಡೆಯುವುದರಿಂದ ಆದ ಪ್ರಯೋಜನವೇನೆಂದು ಕೇಳುವವರುಂಟು. 2001ರಲ್ಲಿ ಈ ಕಪ್ಪೆಯ ಚರ್ಮದ ಸ್ರಾವದಿಂದ ಸ್ಯೂಡಿನ್ ಎಂಬ, ಸೂಕ್ಷ್ಮಜೀವಿಗಳನ್ನು ಕೊಲ್ಲಬಲ್ಲ ಕಣಗಳನ್ನು ಬೇರ್ಪಡಿಸಲಾಯಿತು. 24 ಅಮೈನೋ ಆಮ್ಲಗಳ ಸರಪಳಿಯಾದ ಸ್ಯೂಡಿನ್-2 ಎಂಬುದು, ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳಿಂದ ಇನ್ಸುಲಿನ್ ಒಸರುವಂತೆ ಮಾಡುತ್ತದೆಂದು ಉತ್ತರ ಐರ್ಲೆಂಡಿನ ಅಲ್‌ಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ವರದಿ ಮಾಡಿದಾಗ, ಸಿಹಿಮೂತ್ರ ರೋಗದ ಚಿಕಿತ್ಸೆಯ ಆಸೆಯೂ ಅದರೊಡನೆ ಸುದ್ದಿಯಾಯಿತು. ಆ ಆಸೆ ಫಲಿಸಲಿ ಬಿಡಲಿ, ಒಬ್ಬರು ಮಾಡಿದ ಪ್ರಯೋಗವನ್ನು ಇನ್ನೊಬ್ಬರು ಪುನಃ ಮಾಡಬೇಕಾದರೆ ಅದೇ ಪ್ರಾಣಿಯನ್ನು ಹುಡುಕಿ ತರಬೇಕು; ಅದನ್ನು ತಲುಪಿಸುವ ವಿಳಾಸವೆಂದರೆ ಅದರ ಶಾಸ್ತ್ರೀಯ ನಾಮವೊಂದೇ. ವಿಳಾಸವು ಅರ್ಧ ಖಂಡವನ್ನೇ ಸೂಚಿಸುವಂತಿದ್ದರೆ ಯಾವ ಮನೆಯ ಬಾಗಿಲನ್ನು ತಟ್ಟುವುದು?

ಇದಕ್ಕಿಂತ ಗುರುತರವಾದ ಪ್ರಯೋಜನ ಮತ್ತೊಂದಿದೆ. ಅಂತರರಾಷ್ಟ್ರೀಯ ಅಪಾಯಸೂಚಿ ಪಟ್ಟಿಯಲ್ಲಿ ಸ್ಯೂಡಿಸ್ ಪ್ಯಾರಡಾಕ್ಸಕ್ಕೆ ಸಂದಿರುವುದು, ಸದ್ಯಕ್ಕೆ ಚಿಂತೆಗೆ ಕಾರಣವಿಲ್ಲವೆಂಬ ಅತಿ ಕೆಳಗಿನ ವರ್ಗ. ವಿಸ್ತಾರವಾದ ವ್ಯಾಪ್ತಿಯುಳ್ಳ ಪ್ರಾಣಿಗೆ ಆ ವರ್ಗ ಸಲ್ಲುವುದು ಸಹಜವೇ. ಆದರೆ ವ್ಯಾಪ್ತಿ ವಿಸ್ತಾರವಾಗಿದೆಯೆಂಬ ಮಾತು, ಆ ಎಲ್ಲ ತುಂಡುಗಳೂ ಒಂದೇ ಪ್ರಭೇದವೆಂಬ ಮಾತಿನ ಮೇಲೆ ನಿಂತಿದೆ. ಪಂಟನಾಲಿನ ಲಕ್ಷಾಂತರ ಕಪ್ಪೆಗಳು ಮಗ್ದಲೇನ ಕಣಿವೆಯ ಕಪ್ಪೆಗೆ ಜಾಮೀನು ನಿಲ್ಲಬಲ್ಲವೆ ಎಂಬುದು, ಅವೆರಡಕ್ಕೂ ನಾವು ಒಂದೇ ಹೆಸರನ್ನು ಬರೆದಿರುವುದು ಸರಿಯೆ ತಪ್ಪೆ ಎಂಬುದನ್ನೇ ಅವಲಂಬಿಸಿದೆ. ಒಂದೇ ಆಗಿದ್ದರೆ ಒಂದು ಕಣಿವೆಯ ಜೌಗು ಬತ್ತಿದರೂ ಪ್ರಭೇದ ಉಳಿಯುತ್ತದೆ. ಬೇರೆಯಾಗಿದ್ದರೆ ಅದರ ಜೊತೆಯಲ್ಲಿಯೇ ಒಂದು ವಂಶ ಮುಗಿಯುತ್ತದೆ, ಮುಗಿದುದು ಯಾವ ಪಟ್ಟಿಯಲ್ಲಿಯೂ ದಾಖಲಾಗುವುದಿಲ್ಲ.

ಹದಿನೆಂಟನೆಯ ಶತಮಾನದವರು ಒಂದೇ ಪ್ರಾಣಿಯ ಎರಡು ವಯಸ್ಸುಗಳನ್ನು ತಲೆಕೆಳಗಾಗಿ ಓದಿದರು. ಆ ತಪ್ಪಿನಿಂದ ಕಪ್ಪೆಗೆ ಯಾವ ಹಾನಿಯೂ ಆಗಲಿಲ್ಲ, ಗ್ರಂಥಗಳಲ್ಲಿ ಒಂದು ವಿನೋದ ಉಳಿಯಿತಷ್ಟೆ. ಇಂದು ಹಲವು ಪ್ರಾಣಿಗಳನ್ನು ಒಂದೆಂದು ಓದುವ ತಪ್ಪು ಅಷ್ಟು ನಿರುಪದ್ರವಿಯಲ್ಲ. ಆದುದರಿಂದ ಗೆಣ್ಣೆಲುಬನ್ನು ಅಳೆಯುವವನ, ವರ್ಣತಂತುಗಳನ್ನು ಎಣಿಸುವವನ, ಯಾವ ನದಿಯಲ್ಲಿ ಹಿಡಿದುದೆಂದು ಸೀಸೆಯ ಮೇಲೆ ಚೀಟಿ ಅಂಟಿಸುವವನ ಕೆಲಸವನ್ನು ಪಂಡಿತರ ಹವ್ಯಾಸವೆಂದು ತಳ್ಳಿಹಾಕಲಾಗದು. ಅಣೆಕಟ್ಟಿಗೆಂದೋ ಬೇಸಾಯಕ್ಕೆಂದೋ ಒಂದು ಜೌಗನ್ನು ಬಿಟ್ಟುಕೊಡಬಹುದೆಂದು ಸರಕಾರವೊಂದು ತೀರ್ಮಾನಿಸುವಾಗ, ಬಿಟ್ಟುಕೊಡುತ್ತಿರುವುದು ಏನನ್ನು ಎಂಬುದಕ್ಕೆ ಉತ್ತರ ಬರುವುದು ಆ ಚೀಟಿಯಿಂದಲೇ.